ದಾರಿ ಅಳೆದವರು, ಗಾಳಿ ಅಳೆದವರು

2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನದ ದಾರಿಯನ್ನು ಬದಲಿಸಿತು. ಅಲ್ಲಿಯವರೆಗೆ ಆ ವಿಮಾನ ಪಶ್ಚಿಮಕ್ಕೆ ಮುಖ ಮಾಡಿ, ಯುರೋಪು ದಾಟಿ, ಅಟ್ಲಾಂಟಿಕ್ ಸಾಗರದ ಮೇಲೆ ಹಾದು ಅಮೆರಿಕ ಸೇರುತ್ತಿತ್ತು. ಅದು ಸುಮಾರು 13,900 ಕಿ.ಮೀ. ದಾರಿ. ಹೊಸ ದಾರಿ ಪೂರ್ವ ದಿಕ್ಕಿನದು. ಚೀನಾ, ಜಪಾನ್ ಕಡೆ ಹೊರಟು ಪೆಸಿಫಿಕ್ ಸಾಗರವನ್ನು ದಾಟುವ ಈ ದಾರಿ ಸುಮಾರು 15,300 ಕಿ.ಮೀ. ಅಂದರೆ 1,400 ಕಿ.ಮೀ. ಹೆಚ್ಚು. ಬೀದರಿನಿಂದ ಚಾಮರಾಜನಗರಕ್ಕೆ ಹೋಗಿ ವಾಪಸು ಬಂದರೂ ಅಷ್ಟಾಗುತ್ತದೋ ಇಲ್ಲವೋ, ಅಷ್ಟು ದೂರ. ಆದರೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು. ಹಳೆಯ, ಹತ್ತಿರದ ದಾರಿಗೆ ಹಿಡಿಯುತ್ತಿದ್ದುದಕ್ಕಿಂತ ಹೆಚ್ಚುಕಡಿಮೆ ಎರಡು ಗಂಟೆ ಮೊದಲೇ.

ವಿಮಾನ ಅದೇ, ಎಂಜಿನ್ ಅದೇ. ದೂರ ಹೆಚ್ಚಾಯಿತು, ಹೊತ್ತು ಕಡಿಮೆಯಾಯಿತು.

ಇದಕ್ಕೆ ಥಟ್ಟನೆ ಸಿಗುವ ಉತ್ತರ ಒಂದಿದೆ. ಬಹಳ ಓದಿದವರ ಬಾಯಲ್ಲೂ ಅದನ್ನು ಕೇಳಿದ್ದೇನೆ: ಭೂಮಿ ತಿರುಗುತ್ತದಲ್ಲ, ಅದರಿಂದ. ಆ ಉತ್ತರ ತಪ್ಪು. ಭೂಮಿ ತಿರುಗುವಾಗ ಅದರ ಮೇಲಿನ ಗಾಳಿಯೂ, ಗಾಳಿಯಲ್ಲಿ ತೇಲುವ ವಿಮಾನವೂ ಜೊತೆಗೇ ತಿರುಗುತ್ತವೆ. ಹಾಗಿಲ್ಲದಿದ್ದರೆ ಹೆಲಿಕಾಪ್ಟರನ್ನು ನೇರ ಮೇಲೇರಿಸಿ ಸುಮ್ಮನೆ ನಿಲ್ಲಿಸಿಕೊಂಡರೆ ಸಾಕಿತ್ತು, ಊರುಗಳೇ ಕೆಳಗೆ ಓಡಿ ಬರುತ್ತಿದ್ದವು. ಭೂಮಿಯ ತಿರುಗುವಿಕೆಗೆ ಇದರಲ್ಲಿ ಪಾತ್ರ ಇರುವುದು ನಿಜ, ಆದರೆ ಅದು ನೇರವಾದದ್ದಲ್ಲ. ನಡುವೆ ಗಾಳಿ ಇದೆ. ಆ ಗಾಳಿಯನ್ನು ಮನುಷ್ಯ ಕಂಡುಕೊಂಡದ್ದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಕತೆ. ಅದಕ್ಕೆ ಮೊದಲು ದೂರದ ಕತೆಯನ್ನು ಸ್ವಲ್ಪ ಹೇಳಿಬಿಡಬೇಕು, ಯಾಕೆಂದರೆ ಅದು ನಮ್ಮ ಕರಾವಳಿಯನ್ನು ಹಾದು ಹೋಗುತ್ತದೆ.

1530ರ ದಶಕದ ಆರಂಭದಲ್ಲಿ ಪೋರ್ಚುಗಲ್ಲಿನ ನೌಕಾ ದಂಡನಾಯಕ ಮಾರ್ಟಿಂ ಅಫೊನ್ಸೊ ದ ಸೋಜಾ ಬ್ರೆಜಿಲ್‌ಗೆ ಹೋಗಿ ಬಂದ. ಬಂದವನು ರಾಜನ ಗಣಿತಜ್ಞ ಪೆದ್ರೊ ನೂನೆಸ್ ಬಳಿ ತನ್ನ ಸಂಶಯಗಳನ್ನು ಇಟ್ಟ. ದಿಕ್ಸೂಚಿಯನ್ನು ಸರಿಯಾಗಿ ಪೂರ್ವಕ್ಕೇ ಹಿಡಿದು ಸಾಗಿದರೆ ಹಡಗು ಒಂದೇ ಅಕ್ಷಾಂಶದ ಮೇಲೆ ಉಳಿಯುತ್ತದೆ. ಆದರೆ ಗೋಳದ ಮೇಲೆ ನೇರ ಪೂರ್ವಕ್ಕೆ ಗೆರೆ ಎಳೆದರೆ ಅದು ನಿಧಾನಕ್ಕೆ ಸಮಭಾಜಕ ವೃತ್ತದ ಕಡೆ ವಾಲಬೇಕಲ್ಲ, ಇದೇನು? ನೂನೆಸ್ 1537ರಲ್ಲಿ ಅಚ್ಚು ಮಾಡಿಸಿದ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟ. ಗೋಳದ ಮೇಲೆ ಎರಡು ಊರುಗಳ ನಡುವೆ ಎರಡು ಬೇರೆ ಬೇರೆ ದಾರಿಗಳಿವೆ. ದಿಕ್ಕನ್ನು ಬದಲಿಸದೆ ಹೋಗುವ ದಾರಿ ಒಂದು. ಭೂಮಿಯನ್ನು ಸರಿ ಎರಡು ಹೋಳು ಮಾಡುವ ಮಹಾವೃತ್ತದ ಮೇಲಿನ ದಾರಿ ಇನ್ನೊಂದು. ಅತಿ ಹತ್ತಿರದ್ದು ಈ ಎರಡನೆಯದು. ಆದರೆ ಅದರ ಮೇಲೆ ಸಾಗಬೇಕಾದರೆ ದಿಕ್ಕನ್ನು ಹೆಜ್ಜೆ ಹೆಜ್ಜೆಗೂ ತಿದ್ದಿಕೊಳ್ಳುತ್ತಿರಬೇಕು.

ಆ ಪ್ರಶ್ನೆ ಕೇಳಿದ ಸೋಜಾ ಮುಂದೆ ಗೋವೆಯ ಗವರ್ನರ್ ಆಗಿ ಬಂದ. 1542ರಲ್ಲಿ ಭಟ್ಕಳಕ್ಕೆ ಬೆಂಕಿ ಇಟ್ಟವನು ಇವನೇ. ಜ್ಞಾನಕ್ಕೆ ದಾರಿ ಮಾಡಿದ ಒಳ್ಳೆಯ ಪ್ರಶ್ನೆಯೂ ಭಟ್ಕಳದ ಬೂದಿಯೂ ಒಬ್ಬನ ಲೆಕ್ಕಕ್ಕೇ ಸೇರಿವೆ. ವಿಮಾನದ ದಾರಿಯ ಗಣಿತ ಓದುವಾಗಲೆಲ್ಲ ಈ ಸಂಗತಿ ನನ್ನನ್ನು ಕಲಕುತ್ತದೆ.

ಮಹಾವೃತ್ತದ ದಾರಿ ನಕ್ಷೆಯಲ್ಲಿ ಎಷ್ಟು ವಿಚಿತ್ರವಾಗಿ ಕಾಣುತ್ತದೆ ಎಂಬುದಕ್ಕೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಜೋಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ಹಿಡಿದು ಎರಡೂ ಊರುಗಳ ನಡುವೆ ಬಿಗಿಯಾಗಿ ಎಳೆಯಿರಿ. ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ದಾರ ಉತ್ತರಕ್ಕೆ ಏರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯ ದಾಟಿ, ಸೈಬೀರಿಯದ ಆರ್ಕ್ಟಿಕ್ ಕರಾವಳಿಯ ಬಳಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹೋಗಿ, ಅಲ್ಲಿಂದ ಅಲಾಸ್ಕದ ಮೇಲೆ ಇಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶ ಗೊತ್ತಿದ್ದರೆ ಪಿಯುಸಿಯ ತ್ರಿಕೋನಮಿತಿಯಲ್ಲೇ ಈ ಅಂಕಿ ಸಿಗುತ್ತದೆ.

ಅಂಕಿ ಸರಿಯಾಗಿ ಬರಬೇಕಾದರೆ ಭೂಮಿಯ ಗಾತ್ರ, ಆಕಾರ ಗೊತ್ತಿರಬೇಕು. ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಈ 21 ಕಿ.ಮೀ. ವ್ಯತ್ಯಾಸವನ್ನು ಪತ್ತೆ ಹಚ್ಚಿ ಹದ ಮಾಡಿದ ಕೆಲಸದಲ್ಲಿ ನಮ್ಮ ನೆಲದ ಪಾಲು ದೊಡ್ಡದು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮರುವರ್ಷವೇ ಬೆಂಗಳೂರಿನ ಬಳಿ ಸರಪಳಿ ಹಾಸಿ ತನ್ನ ಮೊದಲ ಆಧಾರರೇಖೆಯನ್ನು ಅಳೆದ. ಆ 100 ಅಡಿಯ ಉಕ್ಕಿನ ಸರಪಳಿ ಚೀನಾದ ಚಕ್ರವರ್ತಿಗೆಂದು ಒಯ್ದ ಕಾಣಿಕೆಗಳ ಜೊತೆ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತೆಗೆ ಬಂದು ಬಿದ್ದಿತ್ತು. ಇಲ್ಲಿ ಶುರುವಾದ ಅಳತೆ ಅರ್ಧ ಶತಮಾನ ನಡೆದು ಹಿಮಾಲಯದವರೆಗೆ ಹೋಯಿತು. ಒಟ್ಟಿನಲ್ಲಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಭೂಮಿಯ ಮೇಲಿನ ಯಾವ ಎರಡು ಊರುಗಳ ನಡುವಿನ ದೂರವನ್ನೂ ಧೈರ್ಯವಾಗಿ ಹೇಳಬಹುದಿತ್ತು.

ಹೊತ್ತನ್ನು ಮಾತ್ರ ಹೇಳುವಂತಿರಲಿಲ್ಲ. ದೂರವನ್ನು ವೇಗದಿಂದ ಭಾಗಿಸಿದರೆ ಮುಗಿಯಿತು ಎನ್ನುವ ಲೆಕ್ಕ ರಸ್ತೆಗೆ ಸರಿ. ಆಕಾಶದಲ್ಲಿ ರಸ್ತೆಯೇ ಚಲಿಸುತ್ತಿರುತ್ತದೆ.

ಅದರ ಸುಳಿವು ಮೊದಲು ಸಿಕ್ಕಿದ್ದು ಜ್ವಾಲಾಮುಖಿಯಿಂದ. 1883ರ ಆಗಸ್ಟಿನಲ್ಲಿ ಕ್ರಕಟೋವಾ ಸಿಡಿದಾಗ ಅದರ ಧೂಳು ಸಮಭಾಜಕದ ಗುಂಟ ಪಶ್ಚಿಮಕ್ಕೆ ಹೊರಟು ಎರಡು ವಾರದೊಳಗೆ ಭೂಮಿಯನ್ನು ಸುತ್ತಿ ಬಂತು. ಆ ಸೆಪ್ಟೆಂಬರಿನಲ್ಲಿ ಮದ್ರಾಸಿನ ಜನ ಹಸಿರು ಸೂರ್ಯನನ್ನು ನೋಡಿದರು. ಅಷ್ಟು ಎತ್ತರದಲ್ಲಿ ಅಷ್ಟು ಜೋರಾಗಿ ಗಾಳಿ ಬೀಸುತ್ತದೆ ಎಂಬುದು ವಿದ್ವಾಂಸರಿಗೆ ಹೊಸ ಸುದ್ದಿ. ಆದರೆ ಧೂಳನ್ನು ದೂರದಿಂದ ನೋಡಿ ಗಾಳಿಯ ವೇಗ ಊಹಿಸುವುದು ಬೇರೆ, ದಿನದಿನವೂ ಅಳೆಯುವುದು ಬೇರೆ.

ದಿನದಿನವೂ ಅಳೆದವರು ವಸಾಬುರೊ ಓಯಿಶಿ.

1874ರಲ್ಲಿ ಜಪಾನಿನ ಸಾಗಾ ಪ್ರಾಂತ್ಯದಲ್ಲಿ ಹುಟ್ಟಿದ ಓಯಿಶಿ ಹವಾಮಾನ ಇಲಾಖೆ ಸೇರಿ, 1910ರ ದಶಕದ ಆರಂಭದಲ್ಲಿ ಜರ್ಮನಿಗೆ ಹೋದರು. ಬರ್ಲಿನ್ ಬಳಿಯ ಲಿಂಡೆನ್‌ಬರ್ಗ್ ವೀಕ್ಷಣಾಲಯದಲ್ಲಿ ರಿಚರ್ಡ್ ಆಸ್ಮಾನ್ ಇದ್ದರು. ವಾಯುಮಂಡಲಕ್ಕೆ ಸ್ತರಗೋಳ ಎಂಬ ಮೇಲಿನ ಪದರವಿದೆ ಎಂದು 1902ರಲ್ಲಿ ತೋರಿಸಿದ ಇಬ್ಬರಲ್ಲಿ ಅವರೊಬ್ಬರು. ಗಾಳಿಪಟ, ಬಲೂನುಗಳಿಗೆ ಉಪಕರಣ ಕಟ್ಟಿ ಮೇಲಿನ ಗಾಳಿಯನ್ನು ಅಳೆಯುವ ವಿದ್ಯೆಯನ್ನು ಓಯಿಶಿ ಅಲ್ಲಿ ಕಲಿತರು. ಊರಿಗೆ ಮರಳಿ, 1920ರಲ್ಲಿ ತೋಕಿಯೊಗೆ ಈಶಾನ್ಯದಲ್ಲಿ, ಇಂದಿನ ತ್ಸುಕುಬಾ ನಗರದ ತಾತೆನೊ ಎಂಬಲ್ಲಿ ಮೇಲ್ಗಾಳಿ ವೀಕ್ಷಣಾಲಯ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದರು.

ಅವರ ಸಾಧನ ಬಹಳ ಸರಳ. ಹೈಡ್ರೋಜನ್ ತುಂಬಿದ ಒಂದು ರಬ್ಬರ್ ಬಲೂನು, ಅದರಲ್ಲಿ ಯಾವ ಯಂತ್ರವೂ ಇಲ್ಲ. ನೆಲದ ಮೇಲೆ ಥಿಯೊಡೊಲೈಟ್, ಅಂದರೆ ಕೋನ ಅಳೆಯುವ ದುರ್ಬೀನು. ತುಂಬುವ ಅನಿಲದ ಪ್ರಮಾಣ ಗೊತ್ತಿದ್ದರೆ ಬಲೂನು ನಿಮಿಷಕ್ಕೆ ಎಷ್ಟು ಮೀಟರ್ ಏರುತ್ತದೆ ಎಂಬುದು ಗೊತ್ತು. ಬಲೂನು ಕೈ ಬಿಟ್ಟ ಕ್ಷಣದಿಂದ ಒಬ್ಬರು ದುರ್ಬೀನಿಗೆ ಕಣ್ಣಿಟ್ಟು ಅದನ್ನು ಹಿಂಬಾಲಿಸುತ್ತಾರೆ. ನಿಮಿಷಕ್ಕೊಮ್ಮೆ ಎರಡು ಕೋನ ಓದಬೇಕು: ಯಾವ ದಿಕ್ಕಿನಲ್ಲಿದೆ, ದಿಗಂತದಿಂದ ಎಷ್ಟು ಮೇಲಿದೆ. ಪಕ್ಕದವರು ಬರೆದುಕೊಳ್ಳುತ್ತಾರೆ. ಎತ್ತರ ಮತ್ತು ಕೋನ ಸಿಕ್ಕರೆ ಬಲೂನು ನೆಲದ ಯಾವ ಬಿಂದುವಿನ ಮೇಲಿದೆ ಎಂದು ಲೆಕ್ಕ ಹಾಕಬಹುದು. ಈ ನಿಮಿಷದ ಬಿಂದುವಿಗೂ ಮುಂದಿನ ನಿಮಿಷದ ಬಿಂದುವಿಗೂ ನಡುವಿನ ಅಂತರವೇ ಆ ಎತ್ತರದ ಗಾಳಿಯ ವೇಗ. ಕಣ್ಣು ಮಿಟುಕಿಸಿದಾಗ ಬಲೂನು ದುರ್ಬೀನಿನ ವೃತ್ತದಿಂದ ಜಾರಿತೋ, ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.

ಇದರಲ್ಲೊಂದು ತೊಡಕಿದೆ. ಗಾಳಿ ಜೋರಾದಷ್ಟೂ ಬಲೂನು ದೂರ ಓಡುತ್ತದೆ. ಒಂಬತ್ತು ಕಿಲೋಮೀಟರ್ ಏರುವಷ್ಟರಲ್ಲಿ ಅದು ಎಷ್ಟೋ ಹತ್ತು ಕಿಲೋಮೀಟರ್ ಆಚೆ, ದಿಗಂತಕ್ಕೆ ಅಂಟಿದ ಚುಕ್ಕೆಯಾಗಿರುತ್ತದೆ. ನಡುವೆ ಒಂದು ತುಂಡು ಮೋಡ ಬಂದರೂ ಮರೆಯಾಯಿತು. ಅಂದರೆ ಅಳೆಯಬೇಕಾದ ಗಾಳಿಯೇ ತನ್ನ ಗುರುತನ್ನು ಅಳಿಸಿ ಹಾಕುತ್ತದೆ. ಯುರೋಪಿನ ಚಳಿಗಾಲದ ಮೋಡ ಕವಿದ ಆಕಾಶದಲ್ಲಿ ಬಲೂನು ಬಿಟ್ಟವರಿಗೆ ಜೋರು ಗಾಳಿಯ ದಿನಗಳೇ ಕೈ ತಪ್ಪುತ್ತಿದ್ದವು. ತಾತೆನೊ ಇರುವ ಕಾಂತೊ ಬಯಲಿನ ಕತೆ ಬೇರೆ. ಚಳಿಗಾಲದಲ್ಲಿ ವಾಯವ್ಯದಿಂದ ಬರುವ ಗಾಳಿ ತನ್ನಲ್ಲಿರುವ ಹಿಮವನ್ನೆಲ್ಲ ಬೆಟ್ಟಸಾಲಿನ ಆಚೆ ಸುರಿದು, ಈ ಕಡೆಗೆ ಒಣಗಿ ಬರುತ್ತದೆ. ಆಕಾಶ ತಿಳಿಯಾಗಿರುತ್ತದೆ. ಮೇಲಿನ ಗಾಳಿ ಅತಿ ಜೋರಾಗಿ ಬೀಸುವ ಕಾಲವೂ, ಬಲೂನು ಕಣ್ಣಿಗೆ ಅತಿ ದೂರದವರೆಗೆ ಕಾಣುವ ಕಾಲವೂ ಅಲ್ಲಿ ಒಂದೇ. ಓಯಿಶಿಗೆ ದಕ್ಕಿದ ಅದೃಷ್ಟ ಇಷ್ಟು. ಉಳಿದದ್ದು ದುಡಿಮೆ.

1923ರ ಮಾರ್ಚಿನಿಂದ 1925ರ ಫೆಬ್ರುವರಿವರೆಗೆ ಅವರ ತಂಡ 1,288 ಸಲ ಬಲೂನಿನ ಬೆನ್ನು ಹತ್ತಿತು. ನಡುವೆ, 1923ರ ಸೆಪ್ಟೆಂಬರಿನಲ್ಲಿ ತೋಕಿಯೊವನ್ನೇ ನೆಲಸಮ ಮಾಡಿದ ಮಹಾಭೂಕಂಪ ಆಗಿಹೋಯಿತು. ಋತುಗಳ ಪ್ರಕಾರ ಸರಾಸರಿ ತೆಗೆದು ನೋಡಿದರೆ ಚಳಿಗಾಲದ ಗೆರೆ ಉಳಿದವುಗಳಿಂದ ದೂರ ಸಿಡಿದು ನಿಂತಿತ್ತು. 1924ರ ಡಿಸೆಂಬರ್ 2ರಂದು ಒಂಬತ್ತು ಕಿ.ಮೀ. ಎತ್ತರದಲ್ಲಿ ಗಾಳಿ ಸೆಕೆಂಡಿಗೆ 72 ಮೀಟರ್ ವೇಗದಲ್ಲಿ ಬೀಸುತ್ತಿತ್ತು. ಗಂಟೆಗೆ ಸುಮಾರು 260 ಕಿ.ಮೀ. ಅಂದಿನ ಬಹುಪಾಲು ವಿಮಾನಗಳ ಓಟಕ್ಕಿಂತ ಆ ಗಾಳಿಯ ಓಟವೇ ಹೆಚ್ಚು. ಅದನ್ನು ಎದುರಿಸಿ ಹೊರಟ ವಿಮಾನ ಮುಂದಕ್ಕೆ ಹಾರುತ್ತಲೇ ಹಿಂದಕ್ಕೆ ಹೋಗುತ್ತಿತ್ತು.

1926ರಲ್ಲಿ ಓಯಿಶಿ ತಮ್ಮ ವೀಕ್ಷಣಾಲಯದ ಮೊದಲ ವರದಿಯನ್ನು ಪ್ರಕಟಿಸಿದರು. ಬರೆದದ್ದು ಎಸ್ಪೆರಾಂಟೊ ಭಾಷೆಯಲ್ಲಿ. ಯಾವ ದೇಶಕ್ಕೂ ಸೇರದ, ಎಲ್ಲರಿಗೂ ಸಮನಾದ ಭಾಷೆಯೊಂದು ಬೇಕೆಂದು ಪೋಲೆಂಡಿನ ಕಣ್ಣಿನ ವೈದ್ಯ ಜಾಮೆನ್‌ಹಾಫ್ 1887ರಲ್ಲಿ ಕಟ್ಟಿದ ಭಾಷೆ ಅದು. ಓಯಿಶಿ ಅದರ ಕಟ್ಟಾ ಅಭಿಮಾನಿ. ಮುಂದೆ ಜಪಾನಿನ ಎಸ್ಪೆರಾಂಟೊ ಸಂಸ್ಥೆಯ ಅಧ್ಯಕ್ಷರೂ ಆದರು. ಜಪಾನಿ ಭಾಷೆಯಲ್ಲಿ ಬರೆದರೆ ಹೊರಗಿನವರು ಓದುವುದಿಲ್ಲ, ಎಸ್ಪೆರಾಂಟೊದಲ್ಲಿ ಬರೆದರೆ ಲೋಕವೇ ಓದುತ್ತದೆ ಎಂಬುದು ಅವರ ನಂಬಿಕೆ. ಲೋಕ ಓದಲಿಲ್ಲ.

ಎಸ್ಪೆರಾಂಟೊದಲ್ಲಿ ಬರೆದದ್ದೇ ತಪ್ಪಾಯಿತು, ಅದರಿಂದಲೇ ಇಷ್ಟು ದೊಡ್ಡ ಶೋಧ ಮೂಲೆಗೆ ಬಿತ್ತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಇದು ಅರ್ಧ ಮಾತ್ರ ನಿಜ ಅನಿಸುತ್ತದೆ. ವರದಿಯಲ್ಲಿ ಕೋಷ್ಟಕಗಳಿದ್ದವು, ನಕ್ಷೆಗಳಿದ್ದವು. ಎತ್ತರ ಒಂಬತ್ತು ಕಿ.ಮೀ., ವೇಗ ಸೆಕೆಂಡಿಗೆ 72 ಮೀಟರ್ ಎಂಬುದನ್ನು ಓದಲು ಹವಾಮಾನ ತಜ್ಞನಿಗೆ ಯಾವ ಭಾಷೆಯೂ ಬೇಡ. ಆದರೆ ಅಂದು ಅಷ್ಟು ಎತ್ತರದಲ್ಲಿ ಯಾರಿಗೂ ಕೆಲಸವಿರಲಿಲ್ಲ. ವಿಮಾನಗಳು ನೆಲಕ್ಕೆ ಹತ್ತಿರ ಹಾರುತ್ತಿದ್ದವು. ಬೇಕೆಂಬವರು ಇಲ್ಲದ ಕಡೆ ಸತ್ಯ ಎಷ್ಟು ಸ್ಪಷ್ಟವಾಗಿ ಅಚ್ಚಾದರೂ ಕಪಾಟಿನಲ್ಲೇ ಉಳಿಯುತ್ತದೆ. ಓಯಿಶಿ ಭಾಷೆಯನ್ನು ನಂಬಿ ಕೆಟ್ಟರು ಎನ್ನುವುದಕ್ಕಿಂತ, ಕಾಲಕ್ಕಿಂತ ಮೊದಲೇ ಬಂದರು ಎನ್ನುವುದು ಅವರಿಗೆ ಸಲ್ಲಬೇಕಾದ ನ್ಯಾಯ.

1929ರ ಆಗಸ್ಟಿನಲ್ಲಿ ಜರ್ಮನಿಯ ಗ್ರಾಫ್ ಜೆಪೆಲಿನ್ ಎಂಬ ವಾಯುನೌಕೆ ಲೋಕ ಸುತ್ತಲು ಹೊರಟು, ಸೈಬೀರಿಯ ದಾಟಿ ಜಪಾನಿನ ಕಸುಮಿಗೌರಾ ನೌಕಾ ನೆಲೆಯಲ್ಲಿ ಇಳಿಯಿತು. ಓಯಿಶಿಯವರ ತಾತೆನೊ ಅಲ್ಲಿಂದ ಬಹಳ ದೂರವಿಲ್ಲ. ನೋಡಲು ಜನಸಾಗರವೇ ನೆರೆದಿತ್ತು. ಆ ಯಾನ ಜರ್ಮನಿಯ ಇನ್ನೊಬ್ಬ ಮನುಷ್ಯನ ತಲೆಯಲ್ಲಿ ಒಂದು ಪ್ರಶ್ನೆ ಎಬ್ಬಿಸಿತು. ಆತ ಎರ್ನ್ಸ್ಟ್ ಜೆರ್ಮೆಲೊ, ಗಣಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಗಣಿತಜ್ಞ. ಪ್ರಶ್ನೆ ಇಷ್ಟು: ಗಾಳಿ ಜಾಗ ಜಾಗಕ್ಕೆ, ಹೊತ್ತು ಹೊತ್ತಿಗೆ ಬದಲಾಗುತ್ತಿರುವಾಗ, ಇಲ್ಲಿಂದ ಅಲ್ಲಿಗೆ ಅತಿ ಬೇಗ ಮುಟ್ಟಬೇಕಾದರೆ ನೌಕೆಯ ಮೂತಿಯನ್ನು ಕ್ಷಣ ಕ್ಷಣಕ್ಕೂ ಎತ್ತ ತಿರುಗಿಸುತ್ತಾ ಹೋಗಬೇಕು? 1931ರಲ್ಲಿ ಅವರು ಉತ್ತರದ ಸಮೀಕರಣ ಪ್ರಕಟಿಸಿದರು. ಅತಿ ಹತ್ತಿರದ ದಾರಿಯೂ ಅತಿ ಬೇಗದ ದಾರಿಯೂ ಬೇರೆ ಬೇರೆ ಎಂಬುದು ಅಲ್ಲಿ ಗಣಿತದ ಭಾಷೆಯಲ್ಲಿ ಖಚಿತವಾಯಿತು. ದೆಹಲಿಯ ವಿಮಾನ 2016ರಲ್ಲಿ ಮಾಡಿದ್ದು ಇದನ್ನೇ. ನೂನೆಸ್‌ನ ಉತ್ತರಕ್ಕೆ ನಾಲ್ಕು ಶತಮಾನದ ನಂತರ ಸಿಕ್ಕ ಜೋಡಿ ಉತ್ತರ ಜೆರ್ಮೆಲೊ ಅವರದು. ಗಾಳಿಯ ಕೋಷ್ಟಕ ಜಪಾನಿನಲ್ಲಿತ್ತು, ಅದನ್ನು ಬಳಸುವ ಸೂತ್ರ ಜರ್ಮನಿಯಲ್ಲಿತ್ತು. ಎರಡೂ ಒಂದನ್ನೊಂದು ಅರಿಯದೆ ಇದ್ದವು.

ಗಾಳಿಯೊಳಕ್ಕೆ ನೇರ ನುಗ್ಗಿ ನೋಡಿದವನು ಅಮೆರಿಕದ ವೈಲಿ ಪೋಸ್ಟ್. ಒಂದು ಕಣ್ಣು ಕಳೆದುಕೊಂಡಿದ್ದ ಈ ಸಾಹಸಿ, ಎತ್ತರದ ತೆಳು ಗಾಳಿಯಲ್ಲಿ ಉಸಿರಾಡಲು ಒತ್ತಡದ ಉಡುಪೊಂದನ್ನು ಮಾಡಿಸಿಕೊಂಡ. 1935ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದಿಂದ ಹೊರಟು ಸುಮಾರು 3,300 ಕಿ.ಮೀ. ಆಚೆಯ ಕ್ಲೀವ್‌ಲ್ಯಾಂಡ್ ನಗರವನ್ನು ಏಳು ಗಂಟೆ ಹತ್ತೊಂಬತ್ತು ನಿಮಿಷದಲ್ಲಿ ಮುಟ್ಟಿದ. ಅವನ ಮರದ ವಿಮಾನ ಗಂಟೆಗೆ 290 ಕಿ.ಮೀ. ಓಡುವಂಥದ್ದು, ನೆಲದ ಲೆಕ್ಕದಲ್ಲಿ ಅದು ಕೆಲವೊಮ್ಮೆ 540 ಕಿ.ಮೀ. ದಾಟಿತ್ತು. ಅದೇ ಆಗಸ್ಟಿನಲ್ಲಿ ಆತ ಅಲಾಸ್ಕದಲ್ಲಿ ವಿಮಾನ ಅಪಘಾತದಲ್ಲಿ ಸತ್ತ.

ಓಯಿಶಿಯವರ ಗಾಳಿ ಲೋಕದ ಕಣ್ಣಿಗೆ ಬಿದ್ದದ್ದು ಯುದ್ಧದಲ್ಲಿ. ಅದನ್ನು ಮೊದಲು ಬಳಸಿದ್ದು ಅವರದೇ ದೇಶದ ಸೈನ್ಯ. 1944ರ ನವೆಂಬರಿನಿಂದ ಜಪಾನ್ ಸುಮಾರು 9,000 ಕಾಗದದ ಬಲೂನುಗಳಿಗೆ ಬಾಂಬು ಕಟ್ಟಿ ಪೆಸಿಫಿಕ್ ಮೇಲಿನ ಗಾಳಿಗೆ ಬಿಟ್ಟಿತು. ಸಾಗರದ ಮೇಲೆ ಗಾಳಿ ಹೇಗೆ ಬೀಸುತ್ತದೆ ಎಂಬ ಲೆಕ್ಕವನ್ನು ಹವಾಮಾನ ವಿಜ್ಞಾನಿ ಹಿದೆತೋಶಿ ಅರಕಾವಾ ಹಾಕಿಕೊಟ್ಟಿದ್ದರು. ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದದ ಹಾಳೆಗಳನ್ನು ಗೆಡ್ಡೆಯ ಅಂಟಿನಿಂದ ಒಂದಕ್ಕೊಂದು ಅಂಟಿಸಿ ಆ ಬಲೂನುಗಳನ್ನು ಮಾಡಿದವರು ಶಾಲೆಯ ಹುಡುಗಿಯರು. ಬಹುಪಾಲು ಬಲೂನುಗಳು ಸಮುದ್ರ ಪಾಲಾದವು. 1945ರ ಮೇ 5ರಂದು ಆರೆಗಾನ್ ರಾಜ್ಯದ ಬ್ಲೈ ಎಂಬ ಊರಿನ ಕಾಡಿನಲ್ಲಿ ಬಿದ್ದಿದ್ದ ಒಂದು ಬಲೂನು ಸಿಡಿದು, ವನಭೋಜನಕ್ಕೆ ಹೋಗಿದ್ದ ಐದು ಮಕ್ಕಳೂ ಒಬ್ಬ ಗರ್ಭಿಣಿಯೂ ಸತ್ತರು. ಗಾಳಿಯನ್ನು ಅಳೆದವರು ಇಂಥದ್ದಕ್ಕಾಗಿ ಅಳೆದಿರಲಿಲ್ಲ.

ಎದುರು ಪಕ್ಷಕ್ಕೂ ಅದೇ ಗಾಳಿ ಎದುರಾಯಿತು. 1944ರ ನವೆಂಬರ್ 24ರಂದು ಸೈಪಾನ್ ದ್ವೀಪದಿಂದ ಅಮೆರಿಕದ ನೂರಕ್ಕೂ ಹೆಚ್ಚು ಬಿ-29 ಬಾಂಬರ್ ವಿಮಾನಗಳು ತೋಕಿಯೊ ಕಡೆ ಹೊರಟವು. ಅಲ್ಲಿ ಮುನ್ಸೂಚನೆಯ ಕೆಲಸದಲ್ಲಿದ್ದ ಇಬ್ಬರು ಯುವಕರಲ್ಲಿ ಒಬ್ಬರು ರೀಡ್ ಬ್ರೈಸನ್, ಮುಂದೆ ಹೆಸರಾಂತ ಹವಾಮಾನ ವಿಜ್ಞಾನಿ. ದಾಳಿಯ ಎತ್ತರದಲ್ಲಿ 168 ನಾಟ್, ಅಂದರೆ ಗಂಟೆಗೆ 310 ಕಿ.ಮೀ. ಪಡುವಣ ಗಾಳಿ ಇರುತ್ತದೆ ಎಂದು ಅವರು ಲೆಕ್ಕ ಕೊಟ್ಟರು. ಸೇನಾಧಿಕಾರಿ ನಂಬಲಿಲ್ಲ. ಹೋಗಿ ಬಂದ ವೈಮಾನಿಕರು ಅದೇ ಅಂಕಿ ಹೇಳಿದರು. ಬಾಂಬುಗಳಲ್ಲಿ ಹೆಚ್ಚಿನವು ಗುರಿ ತಪ್ಪಿದವು. ಎತ್ತರದಿಂದ ಗುರಿ ಹಿಡಿಯಲು ಆಗದೆ ಹೋದದ್ದೂ ಒಂದು ಕಾರಣವಾಗಿ, 1945ರ ಮಾರ್ಚಿನಲ್ಲಿ ಅಮೆರಿಕ ತಂತ್ರ ಬದಲಿಸಿತು. ರಾತ್ರಿ ಹೊತ್ತು ಕೆಳಗೆ ಹಾರಿ ತೋಕಿಯೊದ ಮೇಲೆ ಬೆಂಕಿ ಬಾಂಬು ಸುರಿಯಿತು. ಒಂದೇ ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು.

ಯುದ್ಧ ಮುಗಿದ ಮೇಲೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸ್ವೀಡನ್ ಮೂಲದ ಕಾರ್ಲ್ ಗುಸ್ತಾಫ್ ರಾಸ್ಬಿ ಮತ್ತು ಸಂಗಡಿಗರು ಈ ಗಾಳಿಯ ಹಿಂದಿನ ನಿಯಮವನ್ನು ಬಿಡಿಸಿದರು. ಸಮಭಾಜಕದ ಕಡೆ ಬಿಸಿ ಗಾಳಿ, ಧ್ರುವದ ಕಡೆ ತಣ್ಣನೆಯ ಗಾಳಿ. ಬಿಸಿ ಗಾಳಿ ಹಿಗ್ಗಿ ಎತ್ತರಕ್ಕೆ ನಿಲ್ಲುವುದರಿಂದ ಮೇಲಿನ ಪದರದಲ್ಲಿ ಒತ್ತಡ ದಕ್ಷಿಣದಲ್ಲಿ ಹೆಚ್ಚು, ಉತ್ತರದಲ್ಲಿ ಕಡಿಮೆ. ಗಾಳಿ ಉತ್ತರಕ್ಕೆ ನುಗ್ಗುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ, ಅಂದರೆ ಪೂರ್ವಕ್ಕೆ ಬಾಗಿಸುತ್ತದೆ. ಬಿಸಿಗೂ ತಂಪಿಗೂ ಅಂತರ ಹೆಚ್ಚಿರುವ ಚಳಿಗಾಲದಲ್ಲಿ ಗಾಳಿಯೂ ಜೋರು. ಭೂಮಿಯ ತಿರುಗುವಿಕೆಯ ಪಾತ್ರ ಇದೇ. ನೆಲವನ್ನು ಅದು ವಿಮಾನದ ಕಡೆ ತಳ್ಳುವುದಿಲ್ಲ, ಗಾಳಿಯ ಮುಖ ತಿರುಗಿಸುತ್ತದೆ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದರೆ ಇಂದಿನ ಪ್ರಯಾಣಿಕ ವಿಮಾನಗಳು ಹಾರುವ ಎತ್ತರದಲ್ಲೇ, ಭೂಮಿಯನ್ನು ಸುತ್ತುವ ಈ ಗಾಳಿಯ ಹೊನಲಿಗೆ ಜೆಟ್ ಸ್ಟ್ರೀಮ್ ಎಂಬ ಹೆಸರು ನಿಂತಿತು.

1952ರ ನವೆಂಬರ್ 18ರಂದು ಪ್ಯಾನ್ ಆಮ್ ಕಂಪನಿಯ ಪ್ರಯಾಣಿಕ ವಿಮಾನವೊಂದು ಆ ಹೊನಲನ್ನು ಹುಡುಕಿಕೊಂಡೇ ತೋಕಿಯೊದಿಂದ ಹೊರಟಿತು. 25,000 ಅಡಿ ಎತ್ತರದಲ್ಲಿ ಹಾರಿ ಹೊನೊಲುಲು ಮುಟ್ಟಿತು. ಅಲ್ಲಿಯವರೆಗೆ ಹದಿನೆಂಟು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಹನ್ನೊಂದೂವರೆ ಗಂಟೆಗೆ ಇಳಿಯಿತು. ಬಾಂಬು ಹೊತ್ತ ಬಲೂನುಗಳನ್ನು ಒಯ್ದಿದ್ದೂ ಆ ಸಾಗರದ ಮೇಲಿನ ಆ ಗಾಳಿಯೇ. ಓಯಿಶಿ ಇದನ್ನು ನೋಡಲಿಲ್ಲ. ಅವರು 1950ರಲ್ಲೇ ತೀರಿಕೊಂಡಿದ್ದರು.

ಹೋಗುವಾಗ ಗಾಳಿ ತಡೆದರೂ ಬರುವಾಗ ತಳ್ಳುತ್ತದಲ್ಲ, ಸರಿಹೋಯಿತು ಎಂದುಕೊಳ್ಳುವವರಿದ್ದಾರೆ. ಲೆಕ್ಕ ಹಾಗೆ ಸರಿಹೋಗುವುದಿಲ್ಲ. ಲಂಡನ್–ನ್ಯೂಯಾರ್ಕ್ ದೂರ ಸುಮಾರು 5,540 ಕಿ.ಮೀ. ವಿಮಾನ ಗಂಟೆಗೆ 900 ಕಿ.ಮೀ. ಹಾರುತ್ತದೆ ಎಂದುಕೊಳ್ಳಿ. ಗಾಳಿಯೇ ಇಲ್ಲದಿದ್ದರೆ ಒಂದು ಕಡೆಗೆ 6 ಗಂಟೆ 9 ನಿಮಿಷ. ದಾರಿಯುದ್ದಕ್ಕೂ ಗಂಟೆಗೆ 150 ಕಿ.ಮೀ. ಪಡುವಣ ಗಾಳಿ ಇದ್ದರೆ ಹೋಗಲು 7 ಗಂಟೆ 23 ನಿಮಿಷ, ಬರಲು 5 ಗಂಟೆ 17 ನಿಮಿಷ. ಹೋಗಿ ಬರುವ ಒಟ್ಟು ಹೊತ್ತು ಗಾಳಿಯಿಲ್ಲದ ದಿನಕ್ಕಿಂತ ಸುಮಾರು 21 ನಿಮಿಷ ಹೆಚ್ಚು. ಕಾರಣ, ಎದುರು ಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಆದ್ದರಿಂದ ಒಂದೇ ದಾರಿಯಲ್ಲಿ ಹೋಗಿ ಬರುವುದು ನಷ್ಟ. ಪಶ್ಚಿಮಕ್ಕೆ ಹೋಗುವಾಗ ಹೊನಲನ್ನು ತಪ್ಪಿಸಬೇಕು, ಪೂರ್ವಕ್ಕೆ ಬರುವಾಗ ಅದರೊಳಗೆ ಸೇರಬೇಕು. ಅಟ್ಲಾಂಟಿಕ್ ಮೇಲಿನ ವಿಮಾನ ಜಾಡುಗಳನ್ನು ಇದಕ್ಕಾಗಿಯೇ ದಿನವೂ ಹೊಸದಾಗಿ ಎಳೆಯುತ್ತಾರೆ. 2020ರ ಫೆಬ್ರುವರಿಯಲ್ಲಿ ಕಿಯಾರಾ ಚಂಡಮಾರುತದ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಜಂಬೊ ಜೆಟ್ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಒಳಗೆ ಕೂತವರಿಗೆ ಏನೂ ಗೊತ್ತಾಗಲಿಲ್ಲ, ಸುತ್ತಲಿನ ಗಾಳಿಯೇ ಓಡುತ್ತಿದ್ದುದರಿಂದ.

ನಮ್ಮ ತಲೆಯ ಮೇಲೂ ಇಂಥದ್ದೊಂದು ಇದೆ, ಅದರ ದಿಕ್ಕು ಮಾತ್ರ ತಿರುಗುಮುರುಗು. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದಕ್ಷಿಣ ಭಾರತದ ಮೇಲೆ ಹದಿನಾಲ್ಕು ಹದಿನೈದು ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೋರು ಗಾಳಿ ಹರಿಯುತ್ತದೆ. ಬೇಸಿಗೆಯಲ್ಲಿ ಕಾದ ಟಿಬೆಟ್ ಪ್ರಸ್ಥಭೂಮಿಯಿಂದಾಗಿ ಉತ್ತರವೇ ಬಿಸಿ, ದಕ್ಷಿಣವೇ ತಂಪು ಆಗುವುದು ಇದಕ್ಕೆ ಕಾರಣ. ಈ ಮೂಡಣ ಜೆಟ್ ಹೊನಲನ್ನು ವಿವರಿಸಿ 1958ರಲ್ಲಿ ಪ್ರಬಂಧ ಬರೆದವರು ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ; ಮುಂದೆ ಅವರೇ ಇಲಾಖೆಯ ಮಹಾನಿರ್ದೇಶಕರಾದರು. ಮುಂಗಾರಿನ ಅಧ್ಯಯನ ಅವರ ಶೋಧದ ನಂತರ ಮೊದಲಿನಂತೆ ಉಳಿಯಲಿಲ್ಲ. ಹೊನಲಿನ ಕೆಳಗಿನ ಅಂಚು ವಿಮಾನದ ಎತ್ತರಕ್ಕೂ ತಟ್ಟುತ್ತದೆ. ಜುಲೈನಲ್ಲಿ ಬೆಂಗಳೂರಿನಿಂದ ಅರಬ್ ನಾಡಿಗೆ ಹೋಗುವವರಿಗೆ ಮೊದಲ ಹಂತದಲ್ಲಿ ಬೆನ್ನ ಹಿಂದಿನಿಂದ ಸಿಗುವ ನೂಕು ಅದರದ್ದು.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ತಡೆರಹಿತ ವಿಮಾನ ಬಂದದ್ದು ಅನೇಕರಿಗೆ ನೆನಪಿರಬಹುದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್ಟಿನಲ್ಲಿ ಇದ್ದವರೆಲ್ಲ ಮಹಿಳೆಯರು. ದಾರದ ಲೆಕ್ಕದ 14,000 ಕಿ.ಮೀ. ಬಿಟ್ಟು, ಉತ್ತರ ಧ್ರುವದ ಮೇಲಿನಿಂದ ಸುಮಾರು 16,000 ಕಿ.ಮೀ. ಹಾರಿ, ಹದಿನೇಳು ಗಂಟೆಯಲ್ಲಿ ದೇವನಹಳ್ಳಿಯಲ್ಲಿ ಇಳಿಸಿದರು. ಪೆಸಿಫಿಕ್ ಮೇಲಿನ ಪಡುವಣ ಗಾಳಿಯನ್ನು ಎದುರು ಹಾಕಿಕೊಳ್ಳದೆ ಬರಲು ಧ್ರುವದ ದಾರಿ ಅನುಕೂಲ.

ಈಗ ಉಪಗ್ರಹಗಳಿವೆ, ಹಾರುವ ವಿಮಾನಗಳೇ ತಾವು ಕಂಡ ಗಾಳಿಯ ವೇಗವನ್ನು ನೆಲಕ್ಕೆ ಕಳಿಸುತ್ತವೆ. ಆದರೂ ಬಲೂನು ನಿಂತಿಲ್ಲ. 2020ರಲ್ಲಿ ಕೊರೊನಾದಿಂದ ವಿಮಾನಗಳು ನೆಲ ಹಿಡಿದಾಗ ಅವುಗಳಿಂದ ಬರುವ ಗಾಳಿಯ ವರದಿಗಳು ಕುಸಿದು, ಯುರೋಪಿನ ಕೆಲವು ಹವಾಮಾನ ಸಂಸ್ಥೆಗಳು ಹೆಚ್ಚು ಬಲೂನುಗಳನ್ನು ಬಿಟ್ಟು ಆ ಕೊರತೆ ತುಂಬಿಕೊಂಡವು. ನಮ್ಮಲ್ಲಿ ಬೆಳಗಿನ ಐದೂವರೆಯ, ಸಂಜೆಯ ಐದೂವರೆಯ ವೀಕ್ಷಣೆಗೆಂದು ಬಿಡುವ ಬಲೂನುಗಳು ಲೋಕದ ಎಲ್ಲ ಕೇಂದ್ರಗಳ ಬಲೂನುಗಳ ಜೊತೆ ಒಂದೇ ಗಳಿಗೆಗೆ ಲೆಕ್ಕವಾಗುತ್ತವೆ.

ಭೂಗೋಳ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಜೆಟ್ ಸ್ಟ್ರೀಮ್ ಪಾಠ ಮಾಡುವಾಗ ಓಯಿಶಿ ಮತ್ತು ಕೋಟೇಶ್ವರಂ ಹೆಸರನ್ನು ಹಲಗೆಯ ಮೇಲೆ ಬರೆಯಿರಿ. ಬೆಂಗಳೂರಿನಲ್ಲೂ ಮಂಗಳೂರಿನ ಪಣಂಬೂರಿನಲ್ಲೂ ಬಲೂನು ಹಾರಿಸುವ ಹವಾಮಾನ ಕೇಂದ್ರಗಳಿವೆ. ಮೊದಲೇ ಕೇಳಿ ಅನುಮತಿ ಪಡೆದು, ಒಂದು ಸಲವಾದರೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.